ಆಟೋ ಕೇಕ್ ನೆಟ್ಟಗೆ ನಿಲ್ಲಬೇಕಾದರೆ

ಮಗುವಿನ ಹುಟ್ಟುಹಬ್ಬಕ್ಕೆ ಆಟೋ, ಮನೆ ಒಕ್ಕಲಿಗೆ ಪುಟ್ಟ ಮನೆ, ಸೀಮಂತಕ್ಕೆ ಮೊರದ ತುಂಬ ಹಸಿರು ಬಳೆ. ಆಕಾರದ ಕೇಕ್ ಎಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಮೇಲಿನ ಅಲಂಕಾರಕ್ಕೆ. ಇಂಥ ಕೇಕ್ ಕೆಡುವುದು ಮಾತ್ರ ಬಹುತೇಕ ಕೆಳಗಿನಿಂದ. ಅಡಿಯ ಹಲಗೆ ಬಾಗುತ್ತದೆ, ಮೆತ್ತನೆಯ ಕೇಕ್ ತನ್ನ ಭಾರಕ್ಕೇ ಕುಸಿಯುತ್ತದೆ, ಒಳಗಿನ ಗನಾಶ್ (ಚಾಕೊಲೇಟ್-ಕ್ರೀಮ್ ಲೇಪ) ಗಟ್ಟಿಯಾಗದೆ ಹೊರಗಿನ ಫಾಂಡೆಂಟ್ (ಲಟ್ಟಿಸಿ ಹೊದಿಸುವ ಸಕ್ಕರೆ ಹಿಟ್ಟು) ಜಾರಿ ಬುಡದಲ್ಲಿ ಆನೆಕಾಲಿನ ಹಾಗೆ ದಪ್ಪಗಾಗುತ್ತದೆ. ಹಾಗಾಗಿ ಇಲ್ಲಿ ಹಲಗೆಯಿಂದ ಶುರುಮಾಡಿ ಮೇಲಕ್ಕೆ ಹೋಗೋಣ. ಉದಾಹರಣೆಗೆ ಹಿಡಿದಿರುವುದು ನಮ್ಮ ಊರಿನ ಹಸಿರು-ಹಳದಿ ಆಟೋ. ಅದರ ಲೆಕ್ಕಾಚಾರ ಕೈಗೆ ಹತ್ತಿದರೆ ಬಸ್ಸು, ರೈಲು, ಮನೆ ಎಲ್ಲವೂ ಅದೇ ದಾರಿ.

ಮೊದಲ ಸಲ ಮಾಡುವವರು ನಿಲ್ಲುವ ವಸ್ತುವಿಗೆ ಕೈ ಹಾಕದೆ ಮಲಗುವ ವಸ್ತು ಆರಿಸಿಕೊಳ್ಳುವುದು ವಾಸಿ. ಬಾಳೆಎಲೆ ಊಟದ ಕೇಕ್ ಇದಕ್ಕೆ ಹೇಳಿ ಮಾಡಿಸಿದ್ದು. 13×9 ಇಂಚಿನ ಚಪ್ಪಟೆ ಕೇಕ್, ಮೇಲೆ ಹಸಿರು ಫಾಂಡೆಂಟ್ ಎಲೆ, ಎಲೆಯ ತುಂಬ ಊಟ. ಅನ್ನಕ್ಕೆ ಬಿಳಿ ಫಾಂಡೆಂಟಿಗೆ ಸ್ವಲ್ಪ ವನಸ್ಪತಿ ಸೇರಿಸಿ ಮೆತ್ತಗೆ ನಾದಿ, ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿ ಒತ್ತಿ, ಚಾಕುವಿನಿಂದ ಚಿಕ್ಕ ಚಿಕ್ಕದಾಗಿ ಕತ್ತರಿಸಿದರೆ ಅಗುಳು ಅಗುಳಾಗಿ ಬರುತ್ತದೆ. ಹೋಳಿಗೆಗೆ ತಿಳಿಹಳದಿ ಫಾಂಡೆಂಟನ್ನು 2 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಒಣ ಬ್ರಷ್ಷಿನಲ್ಲಿ ಕೋಕೋ ಪುಡಿ ಅಲ್ಲಲ್ಲಿ ತಟ್ಟಿದರೆ ಕಾವಲಿಯ ಮೇಲೆ ಬೆಂದ ಮಚ್ಚೆಗಳು ಬೀಳುತ್ತವೆ. ಸಾರು ಮಾಡಲು ಕೇಕ್ ಅಂಗಡಿಯಲ್ಲಿ ಸಿಗುವ, ಬಣ್ಣವಿಲ್ಲದೆ ಹೊಳೆಯುವ ನ್ಯೂಟ್ರಲ್ ಜೆಲ್‌ಗೆ ಒಂದು ಹನಿ ಕಿತ್ತಳೆ ಬಣ್ಣ, ಚಿಟಿಕೆ ಕೋಕೋ ಹಾಕಿದರೆ ಸಾಕು. ಎಲ್ಲೂ ಭಾರವಿಲ್ಲ, ಬೀಳುವ ಭಯವಿಲ್ಲ, ನೋಡಿದವರು ಮಾತ್ರ ಬೆರಗಾಗುತ್ತಾರೆ. ಗೊಂಬೆ ಕೇಕ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸ್ಟೀಲ್ ಬೋಗುಣಿಯಲ್ಲಿ ಬೇಯಿಸಿದ ಲಂಗದ ಭಾಗ ಅಂಚಿನಲ್ಲಿ ಸೀದು ನಡುವೆ ಹಸಿ ಉಳಿಯುವುದೇ ಹೆಚ್ಚು. ಅದಕ್ಕಿಂತ 7, 6, 5 ಇಂಚಿನ ಮೂರು ದುಂಡು ಕೇಕ್ ಜೋಡಿಸಿ ಕೊರೆದುಕೊಳ್ಳುವುದು ಮೇಲು.

ದೇವರ ಮೂರ್ತಿಯನ್ನು ಕೇಕ್ ಮೇಲೆ ಕೇಳುವವರಿದ್ದಾರೆ. ಕೊನೆಗೆ ಅದರ ಮೇಲೆ ಚಾಕು ಆಡುತ್ತದೆ ಎಂಬುದನ್ನು ಮೊದಲೇ ನೆನಪಿಸಿ, ದೀಪ, ಕಮಲ, ರಂಗೋಲಿ ಇಂಥವುಗಳ ಕಡೆ ತಿರುಗಿಸುವುದು ಜಾಣತನ. ಇನ್ನೊಂದು ಮಾತು. ಡಿಸೆಂಬರಿನಲ್ಲಿ ಬೆಂಗಳೂರಿನ ಕೇಕ್ ಶೋ ನೋಡಿ ಬಂದವರು ಆಳೆತ್ತರದ ಕೋಟೆ, ಗೋಪುರಗಳ ಫೋಟೋ ತೋರಿಸಿ ಅಂಥದ್ದೇ ಬೇಕು ಎನ್ನುತ್ತಾರೆ. ಅವು ಚೌಕಟ್ಟಿನ ಮೇಲೆ ಸಕ್ಕರೆಯಲ್ಲಿ ಕಟ್ಟಿದ ಪ್ರದರ್ಶನದ ವಸ್ತುಗಳು, ತಿನ್ನುವ ಕೇಕ್ ಅಲ್ಲ. ಆ ಎತ್ತರಕ್ಕೂ ಮನೆಯ ಸ್ಪಂಜಿಗೂ ಸಂಬಂಧವಿಲ್ಲ.

ಅಳತೆ ಮೊದಲು, ಹಿಟ್ಟು ಆಮೇಲೆ

ರಸ್ತೆಯ ಮೇಲಿನ ಆಟೋ ಸುಮಾರು 2.6 ಮೀಟರ್ ಉದ್ದ, 1.3 ಮೀಟರ್ ಅಗಲ, 1.7 ಮೀಟರ್ ಎತ್ತರ. ಅಂದರೆ ಉದ್ದ ಅಗಲದ ಎರಡರಷ್ಟು, ಎತ್ತರ ಅಗಲಕ್ಕಿಂತ ಮೂರನೇ ಒಂದರಷ್ಟು ಹೆಚ್ಚು. ಕೇಕಿಗೆ ಇಳಿಸಿದರೆ 20 ಸೆಂ.ಮೀ. ಉದ್ದ, 10 ಅಗಲ, 13 ಎತ್ತರ. ಆಟೋ ನೋಡಲು ಆಟೋದ ಹಾಗೇ ಕಾಣುವುದು ಬಣ್ಣದಿಂದಲ್ಲ, ಈ ಪ್ರಮಾಣದಿಂದ. ಎತ್ತರ ಕಡಿಮೆಯಾದರೆ ಕಾರಾಗುತ್ತದೆ, ಉದ್ದ ಹೆಚ್ಚಿದರೆ ಟೆಂಪೋ ಆಗುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಲೆಕ್ಕವಿದೆ. ಕೇಕಿನ ಸುತ್ತ 4 ಮಿ.ಮೀ. ಗನಾಶ್, ಅದರ ಮೇಲೆ 4 ಮಿ.ಮೀ. ಫಾಂಡೆಂಟ್ ಬರುತ್ತದೆ. ಒಂದೊಂದು ಬದಿಗೂ 8 ಮಿ.ಮೀ. ಸೇರಿತು. 10 ಸೆಂ.ಮೀ. ಅಗಲದ ಆಟೋ ಬೇಕಾದರೆ ಕೇಕನ್ನು 8.5ಕ್ಕೆ ಕತ್ತರಿಸಬೇಕು, 20 ಉದ್ದಕ್ಕೆ 18.5. ಹಾಗೆ ಮಾಡದಿದ್ದರೆ ಮುಗಿಯುವ ಹೊತ್ತಿಗೆ ಆಟೋ ಊದಿಕೊಂಡು ದುಂಡಗಾಗಿರುತ್ತದೆ, ಮೊದಲೇ ಮಾಡಿಟ್ಟ ಚಕ್ರ ಚಿಕ್ಕದಾಗಿ ಕಾಣುತ್ತದೆ. ದಪ್ಪ ಕಾಗದದಲ್ಲಿ ಎರಡು ನಮೂನೆ ಕತ್ತರಿಸಿಕೊಳ್ಳಿ: ಪಕ್ಕದಿಂದ ಕಾಣುವ ಆಕಾರ, ಮೇಲಿನಿಂದ ಕಾಣುವ ಆಕಾರ. ಮೇಲಿನದರಲ್ಲಿ ಮುಂದಿನ 5 ಸೆಂ.ಮೀ. ಭಾಗ ಮೂಗಿನ ಕಡೆಗೆ ಸಣ್ಣದಾಗುತ್ತಾ ಹೋಗಬೇಕು.

ಹಲಗೆ ಎರಡು ಬೇಕು. ಕೆಳಗಿನದು 12 ಇಂಚಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ. ಈ ಆಟೋ ಮುಗಿದಾಗ ಎರಡೂವರೆ ಕಿಲೋ ದಾಟುತ್ತದೆ. ಬೇಕರಿಯ ಚಿನ್ನದ ಬಣ್ಣದ ತೆಳು ರಟ್ಟು ಆ ಭಾರಕ್ಕೆ ಬಾಗುತ್ತದೆ, ಬಾಗಿದ ಗಳಿಗೆಯಲ್ಲೇ ಫಾಂಡೆಂಟ್ ಬಿರುಕು ಬಿಡುತ್ತದೆ. ಅದರ ಮೇಲೆ 15×6 ಸೆಂ.ಮೀ. ಅಳತೆಯ, 2 ಸೆಂ.ಮೀ. ದಪ್ಪದ ಥರ್ಮಾಕೋಲ್ ತುಂಡು ಅಂಟಿಸಿ, ಕಪ್ಪು ಫಾಂಡೆಂಟಿನಲ್ಲಿ ಮುಚ್ಚಬೇಕು. ಕೇಕ್ ತನ್ನದೇ ಅಳತೆಯ ಇನ್ನೊಂದು ಗಟ್ಟಿ ರಟ್ಟಿನ ಮೇಲೆ ಕೂತು, ಆ ರಟ್ಟು ಥರ್ಮಾಕೋಲ್ ಮೇಲೆ ಕೂರುತ್ತದೆ. ಹೀಗೆ ಎತ್ತರಿಸಿದರೇ ಚಕ್ರಗಳು ಕೆಳಗೆ ನಿಂತ ಹಾಗೆ ಕಾಣುವುದು.

ಕೊರೆಯಲು ಬರುವ ಕೇಕ್

ಬೇಕರಿಯ ಹತ್ತಿಯಂಥ ಸ್ಪಂಜು ಕೊರೆಯಲು ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ಬೇಕಾಗಿರುವುದು ಬೆಣ್ಣೆಯ ಒತ್ತೊತ್ತಾದ ಕೇಕ್. 8 ಇಂಚಿನ ಒಂದು ಚೌಕ ಟಿನ್ನಿಗೆ: ಉಪ್ಪಿಲ್ಲದ ಬೆಣ್ಣೆ 250 ಗ್ರಾಂ (ನಂದಿನಿಯದು ಚೆನ್ನಾಗಿಯೇ ಆಗುತ್ತದೆ), ಪುಡಿ ಸಕ್ಕರೆ 250 ಗ್ರಾಂ, ಮೊಟ್ಟೆ 5, ಮೈದಾ 300 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲು 3 ದೊಡ್ಡ ಚಮಚ, ವೆನಿಲಾ ಒಂದು ಟೀ ಚಮಚ. ಬೆಣ್ಣೆ-ಸಕ್ಕರೆ ಬಿಳಿಚುವ ತನಕ 5 ನಿಮಿಷ ಬೀಟ್ ಮಾಡಿ, ಮೊಟ್ಟೆ ಒಂದೊಂದಾಗಿ ಹಾಕಿ. ಮೊಟ್ಟೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದಿದ್ದರೆ ಮಿಶ್ರಣ ಒಡೆದ ಹಾಲಿನಂತಾಗುತ್ತದೆ. ಗಾಬರಿ ಬೇಡ, ಒಂದು ಚಮಚ ಮೈದಾ ಹಾಕಿದರೆ ಕೂಡಿಕೊಳ್ಳುತ್ತದೆ. ಉಳಿದ ಮೈದಾ ಕೈಯಲ್ಲೇ ಬೆರೆಸಿ. ಆಟೋಗೆ ಇಂಥ ಎರಡು ಕೇಕ್ ಬೇಕು.

ಮೊಟ್ಟೆ ಇಲ್ಲದ್ದು ಬೇಕಾದರೆ ಕಂಡೆನ್ಸ್ಡ್ ಮಿಲ್ಕ್ 400 ಗ್ರಾಂ, ಕರಗಿಸಿದ ಬೆಣ್ಣೆ 125 ಗ್ರಾಂ, ಮೈದಾ 280 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ಅಡಿಗೆ ಸೋಡಾ ಅರ್ಧ ಟೀ ಚಮಚ, ಹಾಲು 200 ಮಿ.ಲೀ., ವಿನೆಗರ್ ಒಂದು ದೊಡ್ಡ ಚಮಚ. ವಿನೆಗರನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ ಕೂಡಲೇ ಓವನ್ನಿಗೆ ಇಡಬೇಕು, ಸೋಡಾ ಕಾಯುವುದಿಲ್ಲ. ಈ ಕೇಕ್ ಮೊಟ್ಟೆಯದಕ್ಕಿಂತ ಮೆತ್ತಗೆ. ಆದ್ದರಿಂದ ಕೊರೆಯುವ ಮುನ್ನ ಫ್ರೀಜರಿನಲ್ಲಿ ಇನ್ನೂ 20 ನಿಮಿಷ ಹೆಚ್ಚು ಇಡಿ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಕೇಕ್ ಬೇಗ ಉಬ್ಬಿ, ಗಟ್ಟಿಯಾಗುವ ಮುನ್ನವೇ ನಡುವೆ ಕೂರಬಹುದು. ಮುಂಬೈ, ಚೆನ್ನೈಯವರು ಬರೆದ ಅಳತೆ ಅನುಸರಿಸುವಾಗ ಬೇಕಿಂಗ್ ಪೌಡರ್ ಒಂದು ಟೀ ಚಮಚಕ್ಕೆ ಎಂಟನೇ ಒಂದು ಪಾಲು ಕಡಿಮೆ ಮಾಡಿ. ಮೇಲಿನ ಅಳತೆಗಳಲ್ಲಿ ಇದನ್ನು ಆಗಲೇ ಲೆಕ್ಕಕ್ಕೆ ಹಿಡಿದಿದೆ.

ಓಟಿಜಿಯಲ್ಲಿ (ಮನೆಬಳಕೆಯ ಕರೆಂಟ್ ಓವನ್) 160 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್, ನಡುವಿನ ತಟ್ಟೆ, 60ರಿಂದ 70 ನಿಮಿಷ. ಮೊಟ್ಟೆ ಇಲ್ಲದ್ದಕ್ಕೆ 50 ನಿಮಿಷದಿಂದಲೇ ಕಡ್ಡಿ ಚುಚ್ಚಿ ನೋಡಿ. ಮನೆಯ ಓಟಿಜಿಯ ತಿರುಗಣೆ ಹೇಳುವ ಡಿಗ್ರಿಗೂ ಒಳಗಿನ ಬಿಸಿಗೂ 10-20 ಡಿಗ್ರಿ ವ್ಯತ್ಯಾಸ ಸಾಮಾನ್ಯ. ಒಳಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. 40 ನಿಮಿಷಕ್ಕೆ ಮೇಲೆ ಫಾಯಿಲ್ ಮುಚ್ಚಿ. ನಡುವೆ ಗುಡ್ಡ ಏಳದಿರಲು ಹಳೇ ಪಂಚೆಯ ಅಂಚನ್ನು ಹರಿದು, ಒದ್ದೆ ಮಾಡಿ ಹಿಂಡಿ, ಟಿನ್ನಿನ ಸುತ್ತ ಬಿಗಿಯಾಗಿ ಕಟ್ಟಿ ಪಿನ್ ಹಾಕಿ. ತುದಿ ರಾಡಿಗೆ ತಗಲದ ಹಾಗೆ ಒಳಗೆ ಸಿಕ್ಕಿಸುವುದನ್ನು ಮರೆಯಬೇಡಿ. ಅಂಚು ನಿಧಾನಕ್ಕೆ ಬೆಂದು ಕೇಕ್ ಸಮತಟ್ಟಾಗಿ ಬರುತ್ತದೆ, ಚಾಕುವಿಗೆ ಹೋಗುವ ಪಾಲು ಉಳಿಯುತ್ತದೆ.

ಬೆಂದ ದಿನವೇ ಕೊರೆಯಬಾರದು. ಪೂರ್ತಿ ಆರಿದ ಮೇಲೆ ಕ್ಲಿಂಗ್ ಫಿಲ್ಮ್ ಎರಡು ಸುತ್ತು ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಕೊರೆಯುವ ಮುಂಚೆ 40 ನಿಮಿಷ ಫ್ರೀಜರಿನಲ್ಲಿಡಿ. ಕಲ್ಲಾಗಬಾರದು. ಹೆಬ್ಬೆರಳಲ್ಲಿ ಒತ್ತಿದರೆ ತಣ್ಣಗಿನ ಬೆಣ್ಣೆಯಷ್ಟು ಗಟ್ಟಿ ಇದ್ದರೆ ಸರಿ.

ಎರಡೂ ಚೌಕಗಳನ್ನು 4 ಸೆಂ.ಮೀ. ಎತ್ತರಕ್ಕೆ ಸಮ ಮಾಡಿ, ನಡುವೆ ಕತ್ತರಿಸಿದರೆ 20×10ರ ನಾಲ್ಕು ತುಂಡು. ಮೂರು ಆಟೋಗೆ, ನಾಲ್ಕನೆಯದು ತಪ್ಪಾದರೆ ಕಾಯಲು. ಎರಡು ತುಂಡನ್ನು ನಡುವೆ ಗನಾಶ್ ಹಚ್ಚಿ ಜೋಡಿಸಿ, ಮಿಲ್ಕ್‌ಶೇಕಿನ ದಪ್ಪ ಸ್ಟ್ರಾ ನಾಲ್ಕನ್ನು ಮೂಲೆಗಳಿಂದ 2.5 ಸೆಂ.ಮೀ. ಒಳಗೆ ಚುಚ್ಚಿ, ಮೇಲ್ಮೈಗೆ ಸರಿಯಾಗಿ ಕತ್ತರಿಸಿ. ಒಂದು ಸ್ಟ್ರಾ 2 ಮಿ.ಮೀ. ಉದ್ದ ಉಳಿದರೂ ಮೇಲಿನದೆಲ್ಲ ಓರೆ. ಅದರ ಮೇಲೆ ಒಂದಿಷ್ಟು ಗನಾಶ್, ತೆಳು ರಟ್ಟು, ಮತ್ತೆ ಗನಾಶ್, ಮೂರನೆಯ ತುಂಡು. ಭಾರ ಈಗ ಕೇಕಿನ ಮೇಲಲ್ಲ, ಸ್ಟ್ರಾಗಳ ಮೇಲೆ. ನಮೂನೆಯನ್ನು ಟೂತ್‌ಪಿಕ್‌ನಿಂದ ಸಿಕ್ಕಿಸಿಕೊಂಡು ಬ್ರೆಡ್ ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಕೊರೆಯಿರಿ, ಕೊನೆಗೆ ಟೂತ್‌ಪಿಕ್ ಎಣಿಸಿ ತೆಗೆಯಿರಿ. ಟಾಪಿನ ಅಂಚುಗಳನ್ನು 45 ಡಿಗ್ರಿಯಲ್ಲಿ ಒಂದು ಸಲ ಸೀಳಿ ಆಮೇಲೆ ದುಂಡಗೆ ಮಾಡಿ. ಮುಂದಿನ ಗಾಜಿನ ಭಾಗ ಹಿಂದಕ್ಕೆ ಸ್ವಲ್ಪ ವಾಲಿರಲಿ. ಹೆಚ್ಚು ಕೊರೆದುಬಿಟ್ಟರೆ ತುಂಡನ್ನು ಗನಾಶ್‌ನಲ್ಲಿ ಅಂಟಿಸಿ 15 ನಿಮಿಷ ಫ್ರಿಜ್ಜಿನಲ್ಲಿಡಿ, ಯಾರಿಗೂ ತಿಳಿಯುವುದಿಲ್ಲ.

ಪ್ರಯಾಣಿಕರು ಕೂರುವ ಜಾಗವನ್ನು ನಿಜಕ್ಕೂ ಟೊಳ್ಳು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಟಾಪಿನ ಭಾರ ಹೊರಲು ಕೆಳಗೆ ಕೇಕ್ ಇರಲೇಬೇಕು. ಆ ಜಾಗಕ್ಕೆ ಕಪ್ಪು ಫಾಂಡೆಂಟ್ ಹಾಳೆ ಅಂಟಿಸಿದರೆ ನಾಲ್ಕು ಅಡಿ ದೂರದಿಂದ ಕಣ್ಣು ಅದನ್ನು ಒಳಗಿನ ಕತ್ತಲೆ ಅಂತಲೇ ಓದುತ್ತದೆ.

ಗನಾಶ್: ಕ್ಯಾಲೆಂಡರ್ ನೋಡಿ ಅಳತೆ

ಬೆಣ್ಣೆ ಕರಗುವುದು 32-35 ಡಿಗ್ರಿಯಲ್ಲಿ. ಏಪ್ರಿಲ್ ಮಧ್ಯಾಹ್ನ ಬೆಂಗಳೂರು ಅಲ್ಲಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ನಿಲ್ಲುವ ಕೇಕಿಗೆ ಬಟರ್‌ಕ್ರೀಮ್ ನೆಚ್ಚಬೇಡಿ, ಗನಾಶ್ ಮಾಡಿ. ನವೆಂಬರಿನಿಂದ ಫೆಬ್ರವರಿವರೆಗೆ ಡಾರ್ಕ್ ಚಾಕೊಲೇಟ್ ಎರಡು ಪಾಲಿಗೆ ಕ್ರೀಮ್ ಒಂದು ಪಾಲು, ಮಾರ್ಚಿನಿಂದ ಮೇವರೆಗೆ ಮೂರಕ್ಕೆ ಒಂದು. ಬಿಳಿ ಚಾಕೊಲೇಟ್ ಆದರೆ ಚಳಿಗಾಲದಲ್ಲೇ ಮೂರಕ್ಕೆ ಒಂದು, ಬೇಸಿಗೆಗೆ ನಾಲ್ಕಕ್ಕೆ ಒಂದು. ಈ ಆಟೋಗೆ ಬೇಸಿಗೆಯಲ್ಲಿ 600 ಗ್ರಾಂ ಡಾರ್ಕ್ ಚಾಕೊಲೇಟಿಗೆ 200 ಗ್ರಾಂ ಕ್ರೀಮ್, ಚಳಿಯಲ್ಲಿ 550ಕ್ಕೆ 275. ಅಂಗಡಿಯ ಪೊಟ್ಟಣದ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25% ಮಾತ್ರ, ಉಳಿದದ್ದರಲ್ಲಿ ನೀರೇ ಹೆಚ್ಚು. ಅದನ್ನು ಬಳಸುವಾಗ ಚಾಕೊಲೇಟನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿ.

ಕ್ರೀಮನ್ನು ಕುದಿಸಬೇಡಿ. ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಇಳಿಸಿ, ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, 2 ನಿಮಿಷ ಸುಮ್ಮನೆ ಬಿಟ್ಟು, ನಡುವಿನಿಂದ ಹೊರಕ್ಕೆ ತಿರುವಿ. ಎಣ್ಣೆ ಬಿಟ್ಟುಕೊಂಡರೆ ಬಿಸಿ ಹೆಚ್ಚಾಯಿತು ಅಥವಾ ದ್ರವ ಸಾಲದಾಯಿತು ಅಂತ ಅರ್ಥ. ಬೆಚ್ಚಗಿನ ಹಾಲು ಒಂದೊಂದೇ ಚಮಚ ಹಾಕುತ್ತಾ ತಿರುವಿದರೆ ಮತ್ತೆ ಕೂಡುತ್ತದೆ. ಕ್ಲಿಂಗ್ ಫಿಲ್ಮನ್ನು ಗನಾಶ್‌ಗೆ ತಾಗುವಂತೆ ಮುಚ್ಚಿ ರಾತ್ರಿಯಿಡೀ ಹೊರಗೇ ಇಡಿ. ಬೆಳಗ್ಗೆ ಅದು ಗಟ್ಟಿ ಶೇಂಗಾ ಬೆಣ್ಣೆಯ ಹದಕ್ಕೆ ಬಂದಿರಬೇಕು.

ಮೊದಲ ಪದರ ತೆಳ್ಳಗೆ, ಕೇಕಿನ ಪುಡಿ ಹಿಡಿದಿಡಲು ಅಷ್ಟೇ. 20 ನಿಮಿಷ ಫ್ರಿಜ್ಜು. ಎರಡನೆಯದು 4 ಮಿ.ಮೀ., ಇದನ್ನು ಸ್ಕ್ರೇಪರಿನಲ್ಲಿ (ನೇರ ಅಂಚಿನ ಸವರುವ ಪಟ್ಟಿ) ಎಷ್ಟು ನಯ ಮಾಡುತ್ತೀರೋ ಫಾಂಡೆಂಟ್ ಅಷ್ಟೇ ನಯ ಕಾಣುತ್ತದೆ. ಫಾಂಡೆಂಟ್ ಯಾವ ಹಳ್ಳವನ್ನೂ ಮುಚ್ಚಿಡುವುದಿಲ್ಲ, ಎತ್ತಿ ತೋರಿಸುತ್ತದೆ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕು ಎಳೆದರೆ ಗೀರುಗಳು ಹೋಗುತ್ತವೆ. ಆಮೇಲೆ ಎರಡು ಗಂಟೆ ಗಟ್ಟಿಯಾಗಲು ಬಿಡಿ.

ವಿಪ್ಪಿಂಗ್ ಕ್ರೀಮ್ ಕೇಕಿನ ಮೇಲೆ ಫಾಂಡೆಂಟ್ ಹೊದಿಸಬಹುದೇ ಎಂಬ ಪ್ರಶ್ನೆ ಪ್ರತಿ ವಾರ ಬರುತ್ತದೆ. ಕ್ರೀಮಿನ ನೀರನ್ನು ಸಕ್ಕರೆ ಎಳೆದುಕೊಂಡು ಒಳಗಿನಿಂದ ಕರಗುತ್ತದೆ, ಎರಡು ಗಂಟೆಯಲ್ಲಿ ಮೇಲ್ಮೈ ಅಂಟಂಟಾಗಿ ಕುಸಿಯಲು ಶುರು. ಕ್ರೀಮೇ ಬೇಕೆಂದರೆ ಚಪ್ಪಟೆ ಆಕಾರ ಆರಿಸಿ, ಬೊಂಬೆಗಳನ್ನು ಚಾಕೊಲೇಟಿನಲ್ಲಿ ಮಾಡಿ, ಕತ್ತರಿಸುವ ಹೊತ್ತಿಗೆ ಮೇಲಿಡಿ.

ಬಣ್ಣದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು

ಕರ್ನಾಟಕದಲ್ಲಿ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿರಬಹುದು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷೆಗೆ ಕಳಿಸಿದಾಗ 12ರಲ್ಲಿ ಕೃತಕ ಬಣ್ಣ ಅಸುರಕ್ಷಿತ ಮಟ್ಟದಲ್ಲಿತ್ತು. ಎಚ್ಚರಿಕೆ ಹೆಚ್ಚಾಗಿ ಕೇಳಿಬಂದದ್ದು ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಥರದ ಕೇಕುಗಳ ಬಗ್ಗೆ. ನಮ್ಮಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟೇ, ಅವಕ್ಕೂ ಮಿತಿ ಇದೆ. ಮನೆಯಲ್ಲಿ ಮಾಡುವವರು ಹನಿ ಹನಿ ಎಣಿಸದೆ ಸುರಿಯುವುದು ಕಡುಗೆಂಪಿಗೆ ಮತ್ತು ಕಪ್ಪಿಗೆ. ಕಹಿ ಬರುವುದೂ ಆ ಎರಡರಲ್ಲೇ.

ದಾರಿ ಇದೆ. ಕಪ್ಪಿಗೆ ಮೊದಲು 350 ಗ್ರಾಂ ಫಾಂಡೆಂಟಿಗೆ 2 ದೊಡ್ಡ ಚಮಚ ಕೋಕೋ ಪುಡಿ ನಾದಿ ಕಂದು ಮಾಡಿಕೊಂಡು ಆಮೇಲೆ ಕಪ್ಪು ಜೆಲ್ ಹಾಕಿ, ಬಹಳ ಕಡಿಮೆ ಸಾಕಾಗುತ್ತದೆ. ಬಣ್ಣ ಹಾಕಿದ ಫಾಂಡೆಂಟನ್ನು ರಾತ್ರಿಯಿಡೀ ಮುಚ್ಚಿಟ್ಟರೆ ತಾನಾಗಿಯೇ ಗಾಢವಾಗುತ್ತದೆ, ಆದ್ದರಿಂದ ಬೇಕಾದುದಕ್ಕಿಂತ ಒಂದು ಮಟ್ಟ ತಿಳಿಯಾಗಿರುವಾಗಲೇ ನಿಲ್ಲಿಸಿ. ನೀರಿನಂಥ ಬಣ್ಣ ಬೇಡ, ಫಾಂಡೆಂಟ್ ಅಂಟಾಗುತ್ತದೆ. ಜೆಲ್ ಅಥವಾ ಪುಡಿ ಬಳಸಿ. ಮಿರುಗುವ ಪುಡಿ ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ‘ವಿಷಕಾರಿಯಲ್ಲ’ ಎಂದು ಬರೆದಿದ್ದರೆ ಅದು ತಿನ್ನುವಂಥದ್ದು ಎಂದಲ್ಲ. ತಿನ್ನುವಂಥದ್ದೆಂದು ಸ್ಪಷ್ಟವಾಗಿ ಬರೆದು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಹಾಕಿರಬೇಕು. ಸೀಮಂತ, ನಾಮಕರಣದಂಥ ಕಾರ್ಯಕ್ರಮಕ್ಕೆ ಫಾಂಡೆಂಟಿನಲ್ಲಿ ಜೆಲಾಟಿನ್ ಇಲ್ಲವೆಂದೂ ನೋಡಿಕೊಳ್ಳಿ, ಹಸಿರು ಚುಕ್ಕೆ ಸಾಕು. ಮಾರ್ಶ್‌ಮೆಲೋ ಕರಗಿಸಿ ಮಾಡುವ ಮನೆ ಫಾಂಡೆಂಟಿನಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ.

ಹೂವಿನ ವಿಷಯವೂ ಇಲ್ಲೇ ಮುಗಿಸೋಣ. ಮಾರ್ಕೆಟ್ಟಿನ ಗುಲಾಬಿಗೆ ಔಷಧ ಹೊಡೆದಿರುತ್ತಾರೆ, ಕಣಗಿಲೆ ವಿಷ. ಎರಡನ್ನೂ ಕೇಕಿಗೆ ತಾಗಿಸಬೇಡಿ.

ಹೊದಿಸುವುದು

ಹಳದಿ 500 ಗ್ರಾಂ, ಹಸಿರು 350, ಕಪ್ಪು 350, ಬೂದು-ಬಿಳಿ ಸೇರಿ 100 ಬೇಕು. ಆಟೋದ ಹಸಿರು ಅಂಗಡಿಯ ‘ಎಲೆ ಹಸಿರು’ ಅಲ್ಲ. ಹಳದಿಗೆ ನೀಲಿ ಸೇರಿಸುತ್ತಾ ಬಂದು, ಕೊನೆಗೆ ಕಪ್ಪು ಫಾಂಡೆಂಟಿನ ಕಡಲೆಕಾಳಿನಷ್ಟು ಚೂರು ನಾದಿದರೆ ಹತ್ತಿರ ಬರುತ್ತದೆ.

ಮೂರು ಚಕ್ರಗಳನ್ನು ನಾಲ್ಕು ದಿನ ಮುಂಚೆಯೇ ಮಾಡಿ. ಕಪ್ಪು ಫಾಂಡೆಂಟ್ 250 ಗ್ರಾಂಗೆ ಸಿಎಂಸಿ ಪುಡಿ (ಫಾಂಡೆಂಟ್ ಗಟ್ಟಿಯಾಗಿ ಒಣಗಲು ಬೆರೆಸುವುದು) ಒಂದು ಟೀ ಚಮಚ ನಾದಿ, ಒಂದೂವರೆ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, 4 ಸೆಂ.ಮೀ. ಅಗಲದ ಮುಚ್ಚಳದಿಂದ ಒತ್ತಿ ಕತ್ತರಿಸಿ. ದಿನಕ್ಕೊಮ್ಮೆ ಮಗುಚಿ ಹಾಕದಿದ್ದರೆ ಅಡಿ ಹಸಿ ಉಳಿಯುತ್ತದೆ. ಜೂನ್‌ನಿಂದ ಅಕ್ಟೋಬರ್ ಮಳೆಯಲ್ಲಿ ನಾಲ್ಕು ದಿನವೂ ಸಾಲದು, ಒಂದು ವಾರ ಮುಂಚೆ ಮಾಡಿಟ್ಟುಕೊಳ್ಳಿ, ಫ್ಯಾನಿನ ಕೆಳಗೆ ಇಡಿ. ಫೆಬ್ರವರಿ-ಮಾರ್ಚಿನ ಒಣ ಹವೆಯ ಕಷ್ಟ ಇದರ ತಿರುಗುಮುರುಗು. ಲಟ್ಟಿಸುವಷ್ಟರಲ್ಲೇ ಫಾಂಡೆಂಟ್ ಮೇಲೆ ಆನೆ ಚರ್ಮದಂಥ ಸುಕ್ಕು ಬೀಳುತ್ತದೆ. ಆಗ ಕಾರ್ನ್‌ಫ್ಲೋರ್ ಉದುರಿಸುವುದನ್ನು ಬಿಟ್ಟು ಕಟ್ಟೆಗೆ ವನಸ್ಪತಿ ಸವರಿ ಲಟ್ಟಿಸಿ. ಬಿದ್ದ ಸುಕ್ಕನ್ನೂ ಬೆರಳ ತುದಿಯ ವನಸ್ಪತಿಯಿಂದಲೇ ಉಜ್ಜಿ ತೆಗೆಯಬಹುದು.

ಗನಾಶ್ ಮೇಲೆ ಒದ್ದೆ ಬ್ರಷ್ಷನ್ನು ಒಂದೇ ಸಲ ಆಡಿಸಿ. ನೀರು ಹೆಚ್ಚಾದರೆ ಹಾಳೆ ಜಾರುತ್ತದೆ. ಮೊದಲು ಅಂಟಿಸುವುದು ಪಕ್ಕದ ಕಪ್ಪು ಹಾಳೆಗಳು ಮತ್ತು ಮುಂದಿನ ಬೂದು ಗಾಜು. ಆಮೇಲೆ ಕೆಳಗಿನಿಂದ 6 ಸೆಂ.ಮೀ. ಎತ್ತರದ ಹಸಿರು ಪಟ್ಟಿ, ಕಪ್ಪಿನ ಕೆಳ ಅಂಚನ್ನು 3 ಮಿ.ಮೀ. ಮುಚ್ಚುವ ಹಾಗೆ. ಪಟ್ಟಿಯ ಎರಡು ತುದಿ ಸೇರುವುದು ಹಿಂಭಾಗದ ನಡುವೆ, ನಂಬರ್ ಪ್ಲೇಟ್ ಬರುವಲ್ಲಿ. ಕೊನೆಗೆ ಹಳದಿ ಟಾಪು: 32×24 ಸೆಂ.ಮೀ. ಹಾಳೆ, 4 ಮಿ.ಮೀ. ದಪ್ಪ. ಇದಕ್ಕಿಂತ ತೆಳ್ಳಗಾದರೆ ಕೆಳಗಿನ ಕಪ್ಪು ಗನಾಶ್ ಮೂಲೆಗಳಲ್ಲಿ ಇಣುಕುತ್ತದೆ, ಹರಿಯುವುದೂ ಅಲ್ಲೇ. ಲಟ್ಟಣಿಗೆಗೆ ಸುತ್ತಿಕೊಂಡು ಮೇಲಿನಿಂದ ಬಿಡಿ, ಮೊದಲು ನೆತ್ತಿ, ಆಮೇಲೆ ಮೂಲೆ, ಕೊನೆಗೆ ಬದಿ ಒತ್ತಿ. ನೆರಿಗೆ ಬಿದ್ದರೆ ಒತ್ತಿ ಮಡಿಸಬೇಡಿ, ಸೀರೆಯ ಸೆರಗು ಬಿಡಿಸುವ ಹಾಗೆ ಅಂಚನ್ನು ಹೊರಗೆಳೆದು ಬಿಡಿಸಿ. ಗಾಳಿಗುಳ್ಳೆ ಕಂಡರೆ ಸೂಜಿಯನ್ನು ಓರೆಯಾಗಿ ಚುಚ್ಚಿ, ಬೆರಳಿನಿಂದ ಸವರಿ. ಹಸಿರು-ಹಳದಿ ಸಂದಿಗೆಲ್ಲ 3 ಮಿ.ಮೀ. ಅಗಲದ ಕಪ್ಪು ಪಟ್ಟಿ, ಎಲ್ಲ ಪಾಪವೂ ಅದರಡಿ.

ಗಾಜಿಗೆ ನ್ಯೂಟ್ರಲ್ ಜೆಲ್ ತೆಳ್ಳಗೆ ಬಳಿದರೆ ಹೊಳಪು ಬರುತ್ತದೆ. ಚಕ್ರಗಳನ್ನು ಥರ್ಮಾಕೋಲ್ ತುಂಡಿಗೆ ಒತ್ತಿ ಗನಾಶ್‌ನಿಂದಲೇ ಅಂಟಿಸಿ. ಕನ್ನಡಿ, ಹಿಡಿಕೆ ಇಂಥ ಸಣ್ಣ ಭಾಗ ನಿಲ್ಲಿಸಲು ಟೂತ್‌ಪಿಕ್ ಬೇಡ, ಮಕ್ಕಳ ಬಾಯಿಗೆ ಹೋಗುತ್ತದೆ. ಬೇಯಿಸದ ಸ್ಪಘೆಟ್ಟಿ ಕಡ್ಡಿ ಮುರಿದು ಚುಚ್ಚಿ. ನಂಬರ್ ಪ್ಲೇಟ್ ಹಳದಿ, ಅಕ್ಷರ ಕಪ್ಪು. ಜಯನಗರದ ಮಗುವಾದರೆ ‘ಕೆಎ 05’ ಹಾಕಿ ಮುಂದೆ ಹುಟ್ಟಿದ ದಿನಾಂಕ. ಹಿಂದೆ ಶಂಕರ್‌ನಾಗ್ ಚಿತ್ರ ಬೇಕೆಂದರೆ ತಿನ್ನುವ ಶಾಯಿಯಲ್ಲಿ ಸಕ್ಕರೆ ಹಾಳೆಯ ಮೇಲೆ ಮುದ್ರಿಸಿಕೊಳ್ಳಿ. ಅಗ್ಗದ ವೇಫರ್ ಹಾಳೆ ಒದ್ದೆ ತಾಗಿದ ಕೂಡಲೇ ಮುದುರುತ್ತದೆ. ಅಕ್ಷರ ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಸಾಲು ಹಿಡಿಸುತ್ತದೋ ಇಲ್ಲವೋ ಎಂದು ಕಾಗದದ ಮೇಲೆ ಅದೇ ಅಳತೆಯಲ್ಲಿ ಬರೆದು ನೋಡಿ. ಇಂಗ್ಲಿಷಿನ ಹಾಗೆ ಕನ್ನಡ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು.

ಇಡುವುದು, ಒಯ್ಯುವುದು, ಕತ್ತರಿಸುವುದು

ಗನಾಶ್ ತುಂಬಿದ ಬೆಣ್ಣೆ ಕೇಕ್ ತಂಪಾದ ಕೋಣೆಯಲ್ಲಿ ಎರಡು ದಿನ ಇರುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜೇ ಗತಿ. ತೆರೆದಿಟ್ಟ ಫಾಂಡೆಂಟ್ ಹೊರಗೆ ಬಂದ ಕೂಡಲೇ ಬೆವರುತ್ತದೆ, ಕಪ್ಪು ಬಣ್ಣ ಹಳದಿಗೆ ಇಳಿಯುತ್ತದೆ. ರಟ್ಟಿನ ಡಬ್ಬಿಯಲ್ಲಿಟ್ಟು ಸುತ್ತ ಟೇಪ್ ಹಾಕಿ ಒಳಗಿಡಿ. ತೆಗೆದ ಮೇಲೆ ಒಂದೂವರೆ ಗಂಟೆ ಡಬ್ಬಿ ಬಿಚ್ಚಬೇಡಿ. ಬೆವರು ರಟ್ಟಿನ ಮೇಲೆ ಕೂರುತ್ತದೆ, ಕೇಕಿನ ಮೇಲಲ್ಲ. ಆದರೂ ಬೆವರಿದರೆ ಮುಟ್ಟದೆ, ಒರೆಸದೆ ಫ್ಯಾನಿನ ಮುಂದೆ ಬಿಡಿ.

ಕಾರಿನ ಸೀಟು ಹಿಂದಕ್ಕೆ ಇಳಿಜಾರು, ತೊಡೆ ಇನ್ನೂ ಕೆಟ್ಟದ್ದು. ಮುಂದಿನ ಸೀಟಿನ ಕಾಲಿಡುವ ಜಾಗವೇ ಸಮತಟ್ಟು. ಡಬ್ಬಿಯಡಿ ಜಾರದ ರಬ್ಬರ್ ಮ್ಯಾಟ್ ಹಾಕಿ, ಹೊರಡುವ 20 ನಿಮಿಷ ಮುಂಚೆ ಎಸಿ ಹಾಕಿಟ್ಟಿರಿ, ಬಿಸಿಗಾಳಿ ಕಾಲಿನ ಕಡೆ ಬರದಂತೆ ನೋಡಿ. ಸಿಲ್ಕ್ ಬೋರ್ಡ್ ದಾಟಬೇಕಾದರೆ ಗೂಗಲ್ ಹೇಳಿದ ಹೊತ್ತಿಗೆ ಅರ್ಧ ಗಂಟೆ ಸೇರಿಸಿಕೊಳ್ಳಿ, ಹಂಪು ಬಂದಾಗ ಪೂರ್ತಿ ನಿಧಾನಿಸಿ. ಸ್ಕೂಟರಿನಲ್ಲಿ ಒಯ್ಯುವ ಮಾತೇ ಬೇಡ. ಕನ್ನಡಿ, ಹಿಡಿಕೆ ಬೇರೆ ಡಬ್ಬಿಯಲ್ಲಿ ಹೋಗಲಿ, ಅಲ್ಲಿ ಹೋಗಿ ಚುಚ್ಚಿ. ಜೊತೆಗೆ ಒಂದು ಹಿಡಿ ಹಳದಿ, ಹಸಿರು ಫಾಂಡೆಂಟ್, ಚಿಕ್ಕ ಬ್ರಷ್ಷು, ಸ್ವಲ್ಪ ಗನಾಶ್ ಇರಲಿ.

ಒಳಗೆ ನಾಲ್ಕು ಸ್ಟ್ರಾ, ಒಂದು ರಟ್ಟು ಇದೆ ಎಂದು ಕತ್ತರಿಸುವವರಿಗೆ ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಮೊದಲು ಮೇಲಿನ ಪದರವನ್ನು ರಟ್ಟಿನವರೆಗೆ ಮಾತ್ರ ತುಂಡು ಮಾಡಿ ಹಂಚಬೇಕು. ರಟ್ಟು ಎತ್ತಿ ಸ್ಟ್ರಾ ಎಳೆದುಹಾಕಿ ಆಮೇಲೆ ಕೆಳಗಿನ ಎರಡು ಪದರ. ಮೂರೂ ಪದರ ಸೇರಿ 4×3 ಸೆಂ.ಮೀ. ತುಂಡುಗಳಾದರೆ 35ಕ್ಕೂ ಹೆಚ್ಚು ಜನಕ್ಕೆ ಬರುತ್ತದೆ. ಚಕ್ರಕ್ಕೆ ಮಕ್ಕಳು ಜಗಳವಾಡುತ್ತಾರೆ. ತಿನ್ನಲು ಅಡ್ಡಿಯಿಲ್ಲ, ಆದರೆ ನಾಲ್ಕು ದಿನ ಒಣಗಿದ ಸಿಎಂಸಿ ಚಕ್ರ ಹಲ್ಲಿಗೆ ಕಲ್ಲಿದ್ದ ಹಾಗೆ. ಚಿಕ್ಕವರಿಗೆ ಕೊಡಬೇಡಿ, ದೊಡ್ಡವರಿಗೆ ಲಟ್ಟಣಿಗೆಯಿಂದ ಜಜ್ಜಿ ಕೊಡಿ.